ವಲ್ಲಿಯ ಕೆಳಗೆ

ಹಾವೇರಿ ಪಾಲಿಟೆಕ್ನಿಕ್ಕಿನ ಎರಡನೇ ಲ್ಯಾಬು.
ಕರೆಂಟು ಹೋಗಿ ಬಂದು, ಹನ್ನೊಂದನೇ ಯಂತ್ರದ ಮುಂದೆ
ನೀಲಗಂಗಾ ಸಿಟ್ಟಿಗೆದ್ದಿದ್ದಾಳೆ:
"ಹೆಸರು ಇಲ್ಲೇ ಕಾಣಸ್ತೈತ್ರಿ ಮೇಡಮ್,
ಪಟ್ಟಿಯೊಳಗ ಐತಿ. ತಗಿ ಅಂದ್ರ ಯಾಕ ತಗೀವಲ್ದು?
ಎಲ್ಲಾ ಫೈಲೇ ಅಂತ ಹ್ವಾದ ವಾರ ನೀವ ಹೇಳಿದ್ರಿ."

ಹೇಳಿದ್ದೆ. ಕೀಲಿಮಣೆ ಫೈಲು, ಪರದೆ ಫೈಲು,
ಬರೆದದ್ದನ್ನೆಲ್ಲ ನುಂಗಿ ಸುಮ್ಮನಿರುವ ಆ ಬರಿದು ಕೂಡ ಫೈಲು.
ಸಾಕೆಟ್ಟೊಂದು ಮಾತ್ರ, ತೆರೆಯಹೋದರೆ, ತಣ್ಣಗೆ
ಅಂಥ ಸಾಧನವಿಲ್ಲ, ವಿಳಾಸವಿಲ್ಲ, ಅನ್ನುತ್ತದೆ
ಬಾಗಿಲಲ್ಲೇ ನಿಂತ ಯಜಮಾನ
ಮನೆಯಲ್ಲಿಲ್ಲ ಅಂದ ಹಾಗೆ.

ಪುಸ್ತಕದಲ್ಲಿ ಇದಕ್ಕೆ ಎರಡು ಪುಟವಿದೆ.
ನನಗೆ ನೆನಪಾದದ್ದು ಗುರುವಾರದ ದನದ ಸಂತೆ,
ದಲ್ಲಾಳಿ ಮಕ್ತುಮಸಾಬ, ನಮ್ಮಪ್ಪ.

ಅಪ್ಪನ ಹತ್ತಿರ ಒಂದು ಕೆಂಪು ವಹಿ ಇತ್ತು.
ಯಾವ ಎತ್ತು, ಎಷ್ಟು ಹಲ್ಲು, ಯಾರಿಂದ ಯಾರಿಗೆ.
ನಾನು ತೆರೆದರೂ ತೆರೆಯುತ್ತಿತ್ತು,
ಹಿಂದಿನ ಹಾಳೆಗೆ ಹೋಗಬಹುದು, ಹತ್ತು ಹಾಳೆ ಹಾರಬಹುದು,
ಮುಚ್ಚಿಟ್ಟರೆ ಒಂದು ಎತ್ತೂ ತಿರುಗಿ ನೋಡುತ್ತಿರಲಿಲ್ಲ.

ದರ ಮಾತ್ರ ವಲ್ಲಿಯ ಕೆಳಗೆ.
ಈ ಕೈ ಇದ್ದರೆ ಸಾಲದು, ಆ ಕೈ ಬರಬೇಕು.
ಬಂದು, ಹೂಂ ಅನ್ನಬೇಕು. ಆಮೇಲೆ ಬೆರಳು.
ಒಮ್ಮೆ ಒತ್ತಿದ ಬೆರಳನ್ನು ಹಿಂದಕ್ಕೆ ತಿರುವಿ ಓದಲಾಗದು.
ನೋಡೋಣ ಅಂತ ಸುಮ್ಮನೆ ಕೈ ತೂರಿಸಿದ ಹುಡುಗ
ಎತ್ತು ಹೊಡೆದುಕೊಂಡು ಮನೆಗೆ ಹೋದದ್ದೂ ಉಂಟು.

"ಬರೇ ಸಾಲು ಎಣಸೋ ಸಣ್ಣ ಪ್ರೋಗ್ರಾಮು ಅನ್ನು," ಅಂದೆ,
"ಹೆಸರು ಸಿಕ್ತು ಅಂತ ತಗದ್ರ
ತನಗ ಗೊತ್ತಿಲ್ದ ಯಾವ್ದೋ ಊರಿನ ಕದ ಬಡದಿರ್ತೈತಿ.
ಅದಕ್ಕ ಬ್ಯಾರೆ ಕರೆ ಇಟ್ಟಾರ, ಬೇಕಂತ್ಲೇ ಕರೀಬೇಕು.
ಸಣ್ಣ ನಂಬರಿನ ಬಾಗಿಲಿಗೆ ಧಣಿ ಅಪ್ಪಣೀನೂ ಬೇಕು."

"ಯಾರರ ಬ್ಯಾರೆ ಥರ ಮಾಡ್ಯಾರೇನ್ರಿ?"
ಮಾಡಿದ್ದಾರೆ. ಒಂದು ಊರಲ್ಲಿ ಎಲ್ಲವೂ ನಿಜಕ್ಕೂ ಫೈಲೇ,
ಚೆಂದದ ಊರಂತೆ. ಜನ ಕಡಿಮೆ.
ಅವಳು ಆ ಊರಿನ ಹೆಸರು ಬರೆದುಕೊಂಡಳು,
ನನ್ನ ಸಂತೆಯನ್ನಲ್ಲ.

ಸಂಜೆ ಅಪ್ಪ ಕಟ್ಟೆಯ ಮೇಲೆ. ದರ ಈಗ ಫೋನಿನಲ್ಲೇ ಆಗುತ್ತದೆ,
ವಲ್ಲಿ ಹೆಗಲಿಗಷ್ಟೇ.
ಅದರ ಕೆಳಗೆ ಕೈ ಇಟ್ಟೆ.
ಅಪ್ಪ ಬೆಚ್ಚಿ, ನಕ್ಕು, ಮೂರು ಬೆರಳು ಹಿಡಿದು
ಒಂದರ ಗೆಣ್ಣು ಒತ್ತಿ, "ಎಷ್ಟಾತು?" ಅಂದ.

ಹ್ಯಾಂಡ್‌ಶೇಕ್ ಅಂತ ಬೋರ್ಡಿನ ಮೇಲೆ ಮೂರು ಬಾಣ ಬರೆದು
ಹದಿನಾಲ್ಕು ವರ್ಷ ಕಲಿಸಿದ್ದೇನೆ.
ಹೆಣ್ಣುಮಕ್ಕಳಿಗೆ ಆ ಬೆರಳ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ.
ಗೊತ್ತಿಲ್ಲ, ಅಂದೆ.
ಅಪ್ಪ ಮತ್ತೊಮ್ಮೆ ಒತ್ತಿದ, ಇನ್ನೂ ನಿಧಾನ.