ಚಿಪ್ಪಿನ ಮುಚ್ಚಳ

ಜೋಗಿಮಟ್ಟಿ ರಸ್ತೆಯ ಗರಸು ನೆಲ.
ಹಾರೆ ಹಾಕಿದರೆ ಕಿಡಿ ಬರುತ್ತೆ, ಮಣ್ಣು ಬರಲ್ಲ.

ಪ್ಲಂಬರ್ ಪಾಲಯ್ಯ ಉಳಿದ ಪೈಪಿನ ತುಂಡಿಗೆ
ಕಾದ ಮೊಳೆಯಲ್ಲಿ ತೂತು ಚುಚ್ಚಿ
ಸಪೋಟದ ಪಕ್ಕ ಎರಡು ಮೊಳ ಹೂತ.
ಬಾಯಿಗೆ ತೆಂಗಿನ ಚಿಪ್ಪು, ಸೊಳ್ಳೆ ಇಳಿಯದ ಹಾಗೆ.

ದಿನಾ ಸಂಜೆ ಒಂದು ಬಕೆಟ್,
ಅಕ್ಕಿ ತೊಳೆದದ್ದೂ ಸೇರಿಸಿ. ಪಾತ್ರೆ ಬೆಳಗಿದ್ದಲ್ಲ.
ಗುಳು ಗುಳು,
ಆಮೇಲೆ ಏನೂ ಇಲ್ಲ.
ಬುಡದ ಮಣ್ಣು ಮಾತ್ರ ಒಲೆಯ ಬೂದಿ.
"ನೀರೇ ಕಾಣದ ಗಿಡ, ಪಾಪ"
ಅಂದಳು ಕಾಂಪೌಂಡಿನಾಚೆ ಸಣ್ಣಬೋರಮ್ಮ.
ಚಿಪ್ಪು ಮುಚ್ಚಿ ಒಳಗೆ ಬಂದೆ.

ಈ ಯುಗಾದಿಗೆ ನೀರು ಇಳಿಯಲೇ ಇಲ್ಲ, ಕಟ್ಟಿಕೊಂಡಿತು.
ಮರುದಿನ ಬ್ಯಾಟರಿ ಬಿಟ್ಟು ಇಣುಕಿದೆ:
ತೂತು ತೂತಿನಿಂದ ಒಳಕ್ಕೆ ಬಂದ ಬೇರು,
ಬಾಚಣಿಗೆಗೆ ಸಿಕ್ಕ ಬಿಳಿಗೂದಲು.

"ಬೋರಮ್ಮಾ, ಬಾ ಇಲ್ಲಿ."

ಬಂದಳು. ಬಗ್ಗಿದಳು.
ನೋಡಲಿಲ್ಲ, ಮೂಸಿದಳು.
"ಅಕ್ಕಿ ವಾಸನೆ" ಅಂದಳು.