ಬರೆಯಬಲ್ಲವರ ಸಾಲು

ಹಾಪ್ಸಾಲು ಬಂದರು ಕಚೇರಿ, ಎರಡನೇ ಮಹಡಿ. ಫೆಬ್ರವರಿ.
ಕಿಟಕಿಯಾಚೆ ಸಮುದ್ರ ನಿಂತುಬಿಟ್ಟಿದೆ.
ಮಂಜುಗಡ್ಡೆಯ ಮೇಲೆ ರಸ್ತೆ,
ರಸ್ತೆಯ ಆ ತುದಿಗೆ ವೊರ್ಮ್ಸಿ ದ್ವೀಪ.
ಅದು ತೆರೆಯುವುದೂ ಮುಚ್ಚುವುದೂ ಒಂದು ಕಡತದಿಂದ:
ಇಂದು ಬೆಳಿಗ್ಗೆ ಎಲ್ಲಿ ಎಷ್ಟು ದಪ್ಪ, ಸೆಂಟಿಮೀಟರಿನಲ್ಲಿ.

ಸರ್ವರ್ ಇರುವುದು ಕೆಳಗೆ, ಪೊರಕೆ ಬಕೆಟ್ಟುಗಳ ಕೋಣೆಯಲ್ಲಿ.
ಓದುವುದಕ್ಕೆ ಯಾರೂ ಬರಬಹುದು:
ಹಾಲಿನ ಲಾರಿಯವನು, ದಾದಿ, ಶಾಲೆಯ ಹುಡುಗರು.
ಬರೆಯುವುದಕ್ಕೆ ಮಾತ್ರ
ಸೆಟ್ಟಿಂಗಿನಲ್ಲಿ ಒಂದು ಸಾಲು,
ಸಾಲಿನಲ್ಲಿ ಮೂರು ಹೆಸರು, ನಡುವೆ ಅಲ್ಪವಿರಾಮ.
ರಿಹೋ, ಉರ್ವೆ, ನಾನು.
ಮೂವರೂ ಕುರ್ಚಿಯವರು.

ಆ ಸಾಲಿನ ಗುಣ ಹೀಗೆ.
ಖಾಲಿ ಬಿಟ್ಟರೆ ಯಾರಿಗೂ ಇಲ್ಲ.
ಒಂದು ನಕ್ಷತ್ರ ಇಟ್ಟರೆ ಬಾಗಿಲೇ ಇಲ್ಲ.
ಅದರ ಮೇಲೊಂದು ನಿಷೇಧದ ಸಾಲು,
ಯಂತ್ರ ಅದನ್ನೇ ಮೊದಲು ಓದುತ್ತದೆ,
ಹೊಸ್ತಿಲಲ್ಲಿ ನಿಂತ ಅತ್ತೆ ಮೊದಲು ಕಾಲು ನೋಡುವಂತೆ.

ಹೆಲ್ಡೂರ್ ಎರಡರಲ್ಲೂ ಇಲ್ಲ.
ಅರವತ್ತೊಂದರ ಹೆಲ್ಡೂರ್. ದಿನಾ ಐದಕ್ಕೆ
ಹಣೆಗೆ ದೀಪ, ಸೊಂಟಕ್ಕೆ ಹಗ್ಗ, ಹೆಗಲಿಗೆ ಬೈರಿಗೆ,
ಇನ್ನೂರು ಹೆಜ್ಜೆಗೊಂದು ತೂತು ಕೊರೆದು
ಕೋಲಿಳಿಸಿ ಅಳೆಯುವವನು.
ಅವನು ಫೋನು ಮಾಡುತ್ತಾನೆ, ನಾನು ಒತ್ತುತ್ತೇನೆ.
ದಾಖಲೆಯಲ್ಲಿ ಉಳಿಯುವುದು: ಬರೆದವರು, ವೈಕೆ.
ನಲವತ್ತು ದಿನ ಹೀಗೆ ನಡೆದಿದ್ದೇನೆ ನಾನು
ಬೆಚ್ಚನೆ ಕಾಲುಚೀಲದಲ್ಲಿ, ಕಡಲ ಮೇಲೆ.

ಮೊನ್ನೆ ತೆಂಕಣ ಗಾಳಿ. ಲೈನಿನಲ್ಲಿ ಗೊರಗೊರ.
ಮೂವತ್ತೆರಡು ಅಂತ ಕೇಳಿಸಿತು, ಮೂವತ್ತೆರಡು ಒತ್ತಿದೆ.
ಅವನು ಹೇಳಿದ್ದು ಇಪ್ಪತ್ತೆರಡು.
ಇಪ್ಪತ್ತು ನಿಮಿಷ ಆ ಕಡಲು
ನನ್ನ ಕಿವಿಯಷ್ಟೇ ದಪ್ಪವಿತ್ತು.
ಹಾಲಿನ ಲಾರಿ ಹೊರಟು ಮೊದಲ ಕಂಬ ದಾಟಿತ್ತು,
ದೀಪದ ಹಣೆಯೊಂದು ಅಡ್ಡ ನಿಂತು ಕೈಬೀಸಿತು.
ಯಾರೂ ಬೈಯಲಿಲ್ಲ. ರಿಹೋ ಅಂದ:
ಯಾರು ಬರೆದದ್ದು, ನೋಡೋಣ.
ನೋಡಿದರೆ ನನ್ನ ಹೆಸರು.
ಸರಿಯಿದ್ದ ದಿನಗಳಿಗೂ ನನ್ನದೇ.

ರಾತ್ರಿ ಪೊರಕೆ ಕೋಣೆಗಿಳಿದೆ.
ಮೊದಲು ದಾರಿಗೆ ಮುದ್ರೆ, ಗುಪ್ತಪದ ಬೆತ್ತಲೆ ಓಡಾಡದಂತೆ.
ಆಮೇಲೆ ಒಂದು ಅಲ್ಪವಿರಾಮ.
ಆಮೇಲೆ ಸಣ್ಣಕ್ಷರದಲ್ಲಿ ಅವನು.
ಗುಪ್ತಪದ ಏನಾದರೂ ಯೋಚಿಸಿಕೋ ಅಂದರೆ
ಫೋನಿನಲ್ಲೇ ಕೂಗಿ ಹೇಳಿದ.
ಹಾಗೆ ಹೇಳಬಾರದು ಮಾರಾಯ, ಅಂದೆ.
ಇನ್ನೊಂದು ಕೂಗಿದ.

ಬೆಳಿಗ್ಗೆ ಆರೂಕಾಲು. ನಿರಾಕರಿಸಲಾಗಿದೆ.
ಮತ್ತೆ ನಿರಾಕರಿಸಲಾಗಿದೆ.
(ಕೈಗವಸು ತೆಗೆಯದೆ ಒತ್ತುತ್ತಿದ್ದನಂತೆ.)
ಮೂರನೆಯದು ಒಳಗೆ ಬಂತು:
ಹದಿನೆಂಟು. ರಸ್ತೆ ಮುಚ್ಚಿ.
ಕೆಳಗೆ, ನಾವು ಮೂವರೂ ಸದಾ ಖಾಲಿ ಬಿಡುವ
ಟಿಪ್ಪಣಿಯ ಜಾಗದಲ್ಲಿ,
ಏಳನೇ ತೂತಿನಲ್ಲಿ ನೀರು ಗೊಣಗುತ್ತಿದೆ.

ನಲವತ್ತು ದಿನದ ನನ್ನ ಸಾಲುಗಳನ್ನು ಹಿಂದಕ್ಕೆ ಓದಿದೆ.
ಅಂಕಿ ಇತ್ತು, ತಾರೀಖು ಇತ್ತು.
ನೀರೇ ಇರಲಿಲ್ಲ.