ನೀರಿನ ಸರದಿ

ಚಿಯಾತುರಾದಲ್ಲಿ ಧೂಳು ಕಪ್ಪು.
ಮ್ಯಾಂಗನೀಸ್ ಅಗೆಯುವ ಊರಿನಲ್ಲಿ
ಬಿಳಿ ಬಟ್ಟೆ ಹರವುವವಳು ಒಂದೋ ಹೊಸ ಸೊಸೆ, ಇಲ್ಲವೇ ಹಟಮಾರಿ.
ನಾನು ಎರಡೂ ಆಗಿದ್ದವಳು.
ಈಗ ನಾಲ್ಕು ಗಂಡುಹುಡುಗರು;
ಬೂದು ಚಡ್ಡಿಗಳನ್ನೇ ಕೊಳ್ಳುತ್ತೇನೆ.

ಶನಿವಾರ ಮೀಯುವ ದಿನ.
ಒಂದು ತೊಟ್ಟಿ, ಎರಡು ಹಂಡೆ ಬಿಸಿನೀರು, ಚಿಕ್ಕವನಿಂದ ಶುರು.
ವಝಿಕೋಗೆ ಮೂರು ವರ್ಷ, ಅವನ ಮೇಲೆ ಊರು ಇನ್ನೂ ಕೂತಿಲ್ಲ.
ಲುವರ್ಸಬ್ ಕಿವಿಯ ಹಿಂದೆ ಸ್ವಂತದ್ದೊಂದು ಗಣಿ ಇಟ್ಟುಕೊಂಡವನು.
ಗೆಲಾ ಮುಳುಗಿ ಉಸಿರು ಬಿಗಿಹಿಡಿದು
ನನ್ನ ಜೀವ ಬಾಯಿಗೆ ಬಂದಮೇಲೆ ಏಳುತ್ತಾನೆ.
ಕೊನೆಗೆ ಬಾಕುರ್, ಹನ್ನೊಂದು ತುಂಬಿದವನು.
ಅವನ ಸರದಿಗೆ ನೀರು ಕಷಾಯ.

ಅದೇ ನೀರಿಗೆ ಕಾಲುಚೀಲ.
ಎಂಟು ಪಾದಕ್ಕೆ ಎಂಟಿರಬೇಕು.
ಏಳಿರುತ್ತವೆ, ಒಮ್ಮೊಮ್ಮೆ ಒಂಬತ್ತು.
ಒಂಬತ್ತನೆಯದು ಎಲ್ಲಿಂದ ಬಂತೆಂದು ಕೇಳಿದರೆ
ನಾಲ್ವರೂ ಒಟ್ಟಿಗೆ ಛಾವಣಿ ನೋಡುತ್ತಾರೆ.

ಕೆಳಮನೆಯ ತ್ಸಿಯಾಲಾಗೆ ಮರುಕ:
"ಒಂದು ಹೆಣ್ಣಾಗಿದ್ದರೆ ಎತೇರಿ, ನಿನ್ನ ಕೈಗೆ ಆಸರೆ."
ಎಂಟು ಕೈ ಇವೆಯಲ್ಲ, ಎನ್ನುತ್ತೇನೆ.
ಎಂಟೂ ಮುರಿಯುವುದಕ್ಕೇ ಎಂದು ಅವಳು.
ಜೋಳದ ಹಿಟ್ಟನ್ನು ಗೆಲಾ ನನಗಿಂತ ಹದವಾಗಿ ನಾದುತ್ತಾನೆ.
ಹೇಳುವ ಹಾಗಿಲ್ಲ,
ಆಣೆ ಹಾಕಿಸಿಕೊಂಡಿದ್ದಾನೆ.

ಮಂಗಳವಾರ ಕರೆಂಟು ಹೋಯಿತು.
ಕ್ವಿರಿಲಾ ಹೊಳೆಯ ನಡುನೆತ್ತಿಯಲ್ಲಿ
ತಂತಿಗೆ ಜೋತ ಕಬ್ಬಿಣದ ಡಬ್ಬಿ ಗಕ್ಕನೆ ನಿಂತಿತು,
ಒಳಗೆ ನನ್ನ ಮೂವರು, ಶಾಲೆಯಿಂದ ಬರುತ್ತಿದ್ದವರು.
ನಾನು ಬಾಲ್ಕನಿಯಲ್ಲಿ,
ಕೈಯಲ್ಲಿ ಒದ್ದೆ ದಿಂಬಿನ ಚೀಲ,
ಸೆರಗಿಲ್ಲದ ಈ ಲಂಗದ ಅಂಚಿಗೆ ವಝಿಕೋ.
ಕೂಗಿದೆ. ಹೊಳೆ ನುಂಗಿತು.
ಕಿಟಕಿಯಲ್ಲಿ ತಲೆ ಎಣಿಸಿದೆ: ಒಂದು, ಎರಡು,
ಮೂರನೆಯದು ಬಗ್ಗಿ ಏನೋ ಹೆಕ್ಕುತ್ತಿರಬೇಕು,
ಹೆಕ್ಕುತ್ತಿರಲಿ ದೇವರೇ,
ಮೂರು.

ಮುಕ್ಕಾಲು ಗಂಟೆ ಗಾಳಿ ಅವರನ್ನು ತೂಗಿತು.
ತೂಗಿ ಮಲಗಿಸಿದ ಇದೇ ಕೈಗಳು
ದಿಂಬಿನ ಚೀಲ ಹಿಂಡಿದವು, ಹಿಂಡಿದ್ದನ್ನೇ ಮತ್ತೆ ಹಿಂಡಿದವು.
ಆಗ ಬಾಗಿಲ ಸಂದಿಯಿಂದ
ಮೂರು ಸಣ್ಣ ಧಾರೆಗಳು
ಬಿಸಿಲಲ್ಲಿ ಮಿಂಚಿ ಹೊಳೆಗೆ ಬಿದ್ದವು.
ಒಂದು ಉಳಿದೆರಡಕ್ಕಿಂತ ದೂರ. ಲುವರ್ಸಬ್‌ನದು, ಬಲ್ಲೆ.
"ಮಳೆಯೇನೇ?" ಕೆಳಗಿಂದ ತ್ಸಿಯಾಲಾ.
"ಅಲ್ಲ, ನನ್ನ ಮಕ್ಕಳು."
ನಕ್ಕೆವು. ಅವಳು ನಿಲ್ಲಿಸಿದಳು.
ನನ್ನದು ಎಲ್ಲಿ ನಗು ಬಿಟ್ಟು ಬೇರೆಯಾಯಿತೋ
ವಝಿಕೋ ಮುಖ ನೋಡಿ ತಿಳಿಯಿತು.

ಬಂದವರು ಕೇಳಿದ್ದು ಒಂದೇ: ತಿನ್ನಲು ಏನಿದೆ?
ಒಬ್ಬನಿಗೆ ಬಾರಿಸಿದೆ.
ಯಾರಿಗೆಂದು ನನಗೆ ನೆನಪಿಲ್ಲ.
ಗೆಲಾನಿಗೆ ಇದೆ, ಲೆಕ್ಕದಲ್ಲಿ ಬರೆದಿಟ್ಟಿದ್ದಾನೆ.
ಉದ್ದ ರೊಟ್ಟಿಗೆ ತುದಿ ಎರಡೇ, ಬಾಯಿ ನಾಲ್ಕು;
ಜಗಳ ಎಂದಿನಂತೆ ನಡೆಯಿತು.

ಆ ಶನಿವಾರ, ಮೂವರ ನೀರಾದ ಮೇಲೆ
ಬಾಕುರ್ ನೆಲ ನೋಡುತ್ತ ಅಂದ:
"ನೀನು ಹೊರಗಿರು."
ಚಿಲಕದ ಸದ್ದು.
ನಮ್ಮ ಬಚ್ಚಲಿಗೆ ಚಿಲಕ ಇತ್ತೇ?
ತುಕ್ಕು ಹಿಡಿದದ್ದು ಇಷ್ಟು ಸಲೀಸಾಗಿ ಸರಿದದ್ದು ಹೇಗೆ?
ಸೂರ್ಯಕಾಂತಿ ಎಣ್ಣೆ ಎರಡು ಬೆರಳು ಇಳಿದಿತ್ತು
ಎಂದು ಆಮೇಲೆ ನೋಡಿದೆ.

ಟವೆಲು ಹಿಡಿದು ನಿಂತೆ, ಪರರ ಮನೆ ಬಾಗಿಲಲ್ಲಿ ನಿಂತಂತೆ.
ಒಳಗೆ ನೀರು ಮೊಗೆಯುವ ಸದ್ದು, ಸುಮ್ಮನಾಗುವ ಸದ್ದು.
ಹೊರಬಂದ. ಬೆನ್ನಿನ ನಟ್ಟನಡುವೆ
ಅಂಗೈಯಷ್ಟು ಕಪ್ಪು ಹಾಗೇ ಉಳಿದಿತ್ತು.
ಎಟುಕದ ಜಾಗ. ಅವನಪ್ಪ ಜುಂಬೇರ್‌ಗೂ ಎಟುಕುವುದಿಲ್ಲ;
ರಾತ್ರಿಪಾಳಿ ಮುಗಿಸಿ ಬಂದವನದನ್ನು ನಾನೇ ಉಜ್ಜುತ್ತೇನೆ.
ನನ್ನ ಕೈ ತಾನಾಗಿ ಎದ್ದಿತು.
ಬಾಕುರ್ ಅಂಗಿ ತೊಟ್ಟುಕೊಂಡ,
ಬಿಳಿಯದು, ಶಾಲೆಯದು.

ತೊಟ್ಟಿಯ ನೀರಿಗೆ ಕಾಲುಚೀಲ ಹಾಕಿದೆ.
ಹತ್ತಿದ್ದವು.